ನೆಗಡಿ ಹೋಯ್ತು, ಗಂಟುನೋವು ಉಳೀತು!

ಮನೆಮಂದಿಗೆಲ್ಲ ಸಾಲಾಗಿ ನೆಗಡಿ-ಜ್ವರ ಬಂದು ಹೋಗುವುದು ಯಾರ ಮನೆಯಲ್ಲಿಲ್ಲ ಹೇಳಿ? ಮಗ ಶಾಲೆಯಿಂದ ಹೊತ್ತು ತರ್ತಾನೆ. ಅವನಿಂದ ತಂಗಿಗೆ, ತಂಗಿಯಿಂದ ಅಜ್ಜಿಗೆ, ಅಜ್ಜಿಯಿಂದ ಯಜಮಾನರಿಗೆ. ಎಲ್ಲರಿಗೂ ಮೆಣಸಿನ ಸಾರು, ಗಂಜಿ, ಬಿಸಿನೀರಿನ ಹಬೆ ಅಂತ ಓಡಾಡಿದ ಮೇಲೆ ಕಡೆಗೆ ನಮ್ಮ ಸರದಿ. ನಮಗೆ ಬಂದಾಗ ಮಾತ್ರ ಸಾರು ಮಾಡಿಕೊಡುವವರು ಯಾರೂ ಇರುವುದಿಲ್ಲ, ಆ ಮಾತು ಬೇರೆ! ಅಂತೂ ಒಂದು ವಾರದಲ್ಲಿ ಎಲ್ಲರೂ ಎದ್ದು ಓಡಾಡ್ತಾರೆ. ಆದರೆ ಅವರಲ್ಲಿ ಒಬ್ಬರು ಮಾತ್ರ ಮೊದಲಿನಂತೆ ಆಗದೇ ಹೋದರೆ?

ನಮ್ಮ ಮನೆಯಲ್ಲಿ ಆದದ್ದು ಅದೇ. ಎರಡು ವರ್ಷದ ಹಿಂದೆ ಡಿಸೆಂಬರ್ ಚಳಿಯಲ್ಲಿ ಇಡೀ ಮನೆಗೆ ಫ್ಲೂ. ನಾವಿರುವುದು ಮಹಡಿ ಮನೆ, ಭಾವನ ಸಂಸಾರ ಕೆಳಗೆ, ಅತ್ತೆ ಎರಡಕ್ಕೂ ಸೇರಿದವರು. ಹಾಗಾಗಿ ಕಾಯಿಲೆಯೂ ಎರಡೂ ಮನೆಗೆ ಸಮಪಾಲು. ಸಂಕ್ರಾಂತಿ ಹೊತ್ತಿಗೆ ನಾವೆಲ್ಲ ಎಳ್ಳು ಬೀರಲು ತಯಾರಾದರೆ, ನನ್ನ ಓರಗಿತ್ತಿ (ನಾನು ಅಕ್ಕ ಅಂತಲೇ ಕರೆಯೋದು) ಕೊಬ್ಬರಿ ಹೆಚ್ಚಲು ಚಾಕು ಹಿಡಿಯಲಾಗದೆ ಕೂತಿದ್ದರು. ಪ್ರತಿ ವರ್ಷ ಅಕ್ಕಿಕಾಳಿನಷ್ಟು ಸಣ್ಣಗೆ ಕೊಬ್ಬರಿ ಹೆಚ್ಚುವ ಕೈ ಅದು.

ಬೆಳಿಗ್ಗೆ ಎದ್ದರೆ ಬೆರಳುಗಳು ಕಟ್ಟಿಗೆಯಂತೆ ಬಿಗಿದಿರುತ್ತಿದ್ದವು. ಕುಕ್ಕರ್ ಮುಚ್ಚಳ ತಿರುಗಿಸಲು ಆಗುತ್ತಿರಲಿಲ್ಲ. ಬಟ್ಟೆ ಹಿಂಡಿದರೆ ಹಗ್ಗದ ಮೇಲಿಂದ ಮಧ್ಯಾಹ್ನದವರೆಗೂ ನೀರು ತೊಟ್ಟಿಕ್ಕುತ್ತಿತ್ತು. ಹತ್ತು ಗಂಟೆಯ ಹೊತ್ತಿಗೆ ಬಿಗಿತ ಸಡಿಲವಾಗುತ್ತಿತ್ತು. ಅದೇ ಅವರಿಗೆ ಮುಳುವಾಯ್ತು ನೋಡಿ. ‘ಅದೇನು ಕೆಲಸದ ಹೊತ್ತಿಗೆ ಮಾತ್ರ ಬರೋ ನೋವೋ’ ಅಂತ ಮನೆಯಲ್ಲಿ ಮಾತು ಬಂತು. ನಾನೂ ಮನಸ್ಸಿನಲ್ಲಿ ಹಾಗೇ ಅಂದುಕೊಂಡವಳೇ, ಸುಳ್ಳು ಯಾಕೆ ಹೇಳಲಿ?

ಏಪ್ರಿಲ್‌ನಲ್ಲಿ ಸಂಡಿಗೆ ಒಣಹಾಕಲು ತಾರಸಿ ಹತ್ತಿ ಇಳಿದ ಮೇಲೆ ಅವರ ಕೆನ್ನೆ, ಮೂಗಿನ ಮೇಲೆಲ್ಲ ಕೆಂಪಾಯ್ತು. ಬಂಗು ಅಂದುಕೊಂಡೆವು. ಪಾರ್ಲರಿನವರು ಒಂದು ಕ್ರೀಮ್ ಕೊಟ್ಟರು. ನೋವಿಗೆ ಮೆಡಿಕಲ್ ಶಾಪಿನಿಂದ ಒಂದು ಪುಟ್ಟ ಬಿಳಿ ಮಾತ್ರೆ ಬಂತು, ನುಂಗಿದ ಎರಡೇ ದಿನಕ್ಕೆ ಮಾಯಾಮಂತ್ರದಂತೆ ನೋವು ಮಾಯ! ಹತ್ತು ದಿನ ಬಿಟ್ಟು ಮಾತ್ರೆ ನಿಲ್ಲಿಸಿದರೆ ಎರಡರಷ್ಟಾಗಿ ವಾಪಸ್. ಕಡೆಗೆ ಕಾಲು ಊದಿಕೊಂಡು, ಮೂತ್ರದಲ್ಲಿ ಸೋಪಿನ ನೊರೆಯಂತೆ ನೊರೆ ಬರತೊಡಗಿದಾಗ ಆಸ್ಪತ್ರೆಗೆ ಹೋದದ್ದು. ಆಗ ಮೇ ತಿಂಗಳು. ರುಮಟಾಲಜಿಸ್ಟ್, ಅಂದರೆ ಕೀಲು ಮತ್ತು ಸಂಧಿವಾತದ ಕಾಯಿಲೆಗಳ ತಜ್ಞರು, ರಕ್ತ-ಮೂತ್ರ ಪರೀಕ್ಷೆ ಮಾಡಿಸಿ ಹೇಳಿದ ಹೆಸರು ಲೂಪಸ್. ಕಿಡ್ನಿಯನ್ನೂ ಮುಟ್ಟಿತ್ತು.

ಲೂಪಸ್ ಆಟೊಇಮ್ಯೂನ್ ಕಾಯಿಲೆಗಳಲ್ಲಿ ಒಂದು. ನಮ್ಮ ರೋಗನಿರೋಧಕ ಶಕ್ತಿ ನಮ್ಮ ಮೈಯನ್ನೇ ಶತ್ರು ಅಂತ ತಿಳಿದು ಹೊಡೆಯುವುದು ಇವುಗಳ ಸ್ವಭಾವ. ಕೀಲನ್ನು ಹೊಡೆದರೆ ರುಮಟಾಯ್ಡ್ ಸಂಧಿವಾತ, ಥೈರಾಯ್ಡ್ ಗ್ರಂಥಿಯನ್ನು ಹೊಡೆದರೆ ಹಶಿಮೋಟೊ, ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ಹೊಡೆದರೆ ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಟೈಪ್ 1 ಡಯಾಬಿಟಿಸ್. ಲೂಪಸ್ ಚರ್ಮ, ಕೀಲು, ಕಿಡ್ನಿ, ಎಲ್ಲಿ ಬೇಕಾದರೂ ಕೈಹಾಕಬಹುದು.

ಡಾಕ್ಟರು ಅಕ್ಕನನ್ನು ಕೇಳಿದರು, ‘ನಿಮ್ಮ ಮನೆತನದಲ್ಲಿ ಯಾರಿಗಾದರೂ ಇಂಥ ಕಾಯಿಲೆ ಇದೆಯಾ?’ ಅಕ್ಕ ಯೋಚಿಸಿ, ಅವರ ಚಿಕ್ಕಮ್ಮನಿಗೆ ಸಂಧಿವಾತದಿಂದ ಬೆರಳು ಸೊಟ್ಟಗಾಗಿದ್ದನ್ನು ಹೇಳಿದರು. ಅಷ್ಟೇ ಸಾಕಾಯ್ತು. ಹೊರಗೆ ಬಂದು ಕಾರಿಡಾರಿನಲ್ಲೇ ಅತ್ತೆ ಅಂದರು, ‘ಹಂಗಾದ್ರೆ ಇದು ನಿಮ್ಮ ಕಡೆಯಿಂದಲೇ ಬಂದದ್ದು.’ ಅಕ್ಕ ತುಟಿ ಬಿಚ್ಚಲಿಲ್ಲ. ಊರಿನಿಂದ ಬಂದ ಹತ್ತಿರದವರೊಬ್ಬರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ‘ಪಿಯುಸಿ ಓದೋ ಮಗಳಿದ್ದಾಳೆ, ನಾಳೆ ಗಂಡು ನೋಡೋ ಕಾಲಕ್ಕೆ ತೊಂದರೆ, ಯಾರಿಗೂ ಹೇಳಬೇಡಿ’ ಅಂತ ಉಪದೇಶ ಮಾಡಿ ಹೋದರು.

ವಂಶ, ಜೀನ್ ಅನ್ನುವ ಮಾತು ನಮ್ಮ ಮನೆಗಳಲ್ಲಿ ಎಷ್ಟು ಬೇಗ ಆಪಾದನೆ ಆಗಿಬಿಡುತ್ತದೆ! ನಾನು ಓದಿದ್ದು ಬಿ.ಎ., ಅದೂ ಇತಿಹಾಸ. ಆದರೂ ಅವತ್ತು ಹಟ ಹಿಡಿದೆ. ಈ ಜೀನ್ ಅಂದರೆ ಏನು, ಫ್ಲೂಗೂ ಇದಕ್ಕೂ ಏನು ನಂಟು ಅಂತ ಡಾಕ್ಟರನ್ನು ಕಾಡಿ, ಓದಿ, ತಿಳಿದುಕೊಂಡೆ. ಅದರಲ್ಲಿ ನಿಮಗೂ ಬೇಕಾದದ್ದು ಬಹಳ ಇದೆ ಅನ್ನಿಸಿತು.

ಬೊಗಳದ ನಾಯಿ, ವಿಪರೀತ ಬೊಗಳುವ ನಾಯಿ

ಮನೆ ಕಾಯಲು ಒಂದು ನಾಯಿ ಸಾಕಿದ್ದೀರಿ ಅಂದುಕೊಳ್ಳಿ. ಕಳ್ಳ ಗೇಟು ಹಾರಿದರೂ ಅದು ಬೊಗಳದೆ ಮಲಗಿದ್ದರೆ ಮನೆ ದೋಚಿ ಹೋಗ್ತದೆ. ಅದೇ ನಾಯಿ ಎಲೆ ಅಲ್ಲಾಡಿದರೂ ಬೊಗಳುವ ಜಾತಿಯದಾದರೆ ಹಾಲಿನವನನ್ನು ಕಚ್ಚುತ್ತೆ, ಪೇಪರ್ ಹುಡುಗನನ್ನು ಕಚ್ಚುತ್ತೆ, ಒಂದು ದಿನ ಮನೆಯ ಮಗುವನ್ನೇ ಕಚ್ಚುತ್ತೆ. ನಮ್ಮ ಮೈಯಲ್ಲೂ ಇಂಥ ಕಾವಲು ನಾಯಿಗಳಿವೆ. ಫ್ಲೂ, ಕೊರೊನಾ, ಮಾಮೂಲಿ ನೆಗಡಿ ತರುವ ರೈನೋವೈರಸ್ ಇವೆಲ್ಲ ಆರ್‌ಎನ್‌ಎ ಅನ್ನುವ ವಸ್ತುವಿನಲ್ಲಿ ತಮ್ಮ ಜಾತಕ ಬರೆದುಕೊಂಡಿರುವ ವೈರಸ್‌ಗಳು. ಆ ಆರ್‌ಎನ್‌ಎ ವಾಸನೆ ಹಿಡಿದು ಬೊಗಳುವುದೇ ಈ ನಾಯಿಗಳ ಕೆಲಸ. ಬೊಗಳಿದ ಕೂಡಲೇ ಇಂಟರ್‌ಫೆರಾನ್ ಅನ್ನುವ ರಾಸಾಯನಿಕ ಹೊರಟು ಇಡೀ ದೇಹವನ್ನು ಎಚ್ಚರಿಸುತ್ತದೆ. ಜ್ವರ, ಮೈಕೈ ನೋವು, ಸುಸ್ತು ಎಲ್ಲದರಲ್ಲೂ ಅದರ ಕೈವಾಡವಿದೆ.

ತೊಂದರೆ ಎಲ್ಲಿ ಅಂದರೆ, ಆರ್‌ಎನ್‌ಎ ನಮ್ಮ ಜೀವಕೋಶಗಳಲ್ಲೂ ಇದೆ. ಕಳ್ಳನ ವಾಸನೆ, ಮನೆಯವರ ವಾಸನೆ ಎರಡೂ ಹತ್ತಿರ ಹತ್ತಿರ.

ಇಂಥ ಒಂದು ನಾಯಿಯ ಹೆಸರು ಟಿಎಲ್‌ಆರ್7. ಅದನ್ನು ತಯಾರಿಸುವ ಜೀನ್ ಬಗ್ಗೆ ಎರಡು ಕಥೆ ಇವೆ, ಎರಡನ್ನೂ ಒಟ್ಟಿಗೆ ಕೇಳಬೇಕು. 2020ರಲ್ಲಿ ನೆದರ್‌ಲ್ಯಾಂಡ್ಸ್‌ನ ಎರಡು ಕುಟುಂಬಗಳಲ್ಲಿ ನಾಲ್ವರು ಯುವಕರು, ಎರಡು ಜೋಡಿ ಅಣ್ಣತಮ್ಮಂದಿರು, ಕೋವಿಡ್‌ನಿಂದ ವೆಂಟಿಲೇಟರ್‌ಗೆ ಹೋದರು. ಎಲ್ಲರೂ 21ರಿಂದ 32ರ ವಯಸ್ಸಿನವರು, ಅಲ್ಲಿಯವರೆಗೆ ಗಟ್ಟಿಮುಟ್ಟಾಗಿದ್ದವರು. ಒಬ್ಬ ತೀರಿಕೊಂಡ. ಹುಡುಕಿದರೆ, ನಾಲ್ವರಲ್ಲೂ ಟಿಎಲ್‌ಆರ್7 ಜೀನ್ ಕೆಟ್ಟಿತ್ತು. ಬೊಗಳದ ನಾಯಿ.

ಇನ್ನೊಂದು ಕಥೆ ಸ್ಪೇನಿನ ಹುಡುಗಿಯದು. ಏಳು ವರ್ಷಕ್ಕೇ ಅವಳಿಗೆ ತೀವ್ರ ಲೂಪಸ್. ಅಷ್ಟು ಚಿಕ್ಕ ವಯಸ್ಸಿಗೆ ಬರುವುದು ಬಹಳ ಅಪರೂಪ. ಕರೋಲಾ ವಿನುಯೆಸಾ ಅನ್ನುವ ವಿಜ್ಞಾನಿಯ ತಂಡ ಅವಳ ಜೀನ್‌ಗಳನ್ನೆಲ್ಲ ಓದಿ 2022ರಲ್ಲಿ ಪ್ರಕಟಿಸಿತು. ಅದೇ ಟಿಎಲ್‌ಆರ್7 ಜೀನ್‌ನಲ್ಲಿ ಒಂದೇ ಒಂದು ಅಕ್ಷರ ಬದಲಾಗಿತ್ತು. ಆದರೆ ಇವಳಲ್ಲಿ ಅದು ಕೆಟ್ಟಿರಲಿಲ್ಲ, ಅತಿಯಾಗಿತ್ತು! ತನ್ನ ಮೈಯ ಸಾಮಾನುಗಳಿಗೂ ಬೊಗಳುವ ನಾಯಿ. ಆ ಬದಲಾವಣೆಯನ್ನು ಇಲಿಗಳಲ್ಲಿ ಮಾಡಿ ನೋಡಿದಾಗ ಇಲಿಗಳಿಗೂ ಲೂಪಸ್ ತರಹದ್ದೇ ಕಾಯಿಲೆ ಬಂತು.

ಒಂದೇ ಜೀನ್. ಮಲಗಿದರೆ ಹುಡುಗರು ಐಸಿಯುಗೆ, ಕೆರಳಿದರೆ ಹುಡುಗಿಗೆ ಲೂಪಸ್. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ‘ನಿಮ್ಮ ಕಡೆಯಿಂದ ಬಂದ ರೋಗ’ ಅನ್ನುವ ಮಾತಿಗೆ ಉತ್ತರ ಸಿಕ್ಕಿತ್ತು. ಬರುವುದು ರೋಗದ ಜೀನ್ ಅಲ್ಲ, ಕಾವಲಿನ ಜೀನ್.

ಇದೊಂದೇ ಅಲ್ಲ. ಐಎಫ್‌ಐಎಚ್1 ಅನ್ನುವ ಇನ್ನೊಂದು ಕಾವಲು ಜೀನ್ ಇದೆ. ಅದು ಪೂರ್ತಿ ಕೈಕೊಟ್ಟ ಒಂದು ಮಗುವಿನ ಬಗ್ಗೆ 2017ರಲ್ಲಿ ಅಮೆರಿಕದ ವೈದ್ಯರು ಬರೆದರು. ನಮ್ಮ ಮಕ್ಕಳಿಗೆ ಮೂಗು ಸುರಿಸಿ ಹೋಗುವ ರೈನೋವೈರಸ್ ನೆಗಡಿ ಆ ಮಗುವನ್ನು ಮತ್ತೆ ಮತ್ತೆ ಜೀವಾಪಾಯಕ್ಕೆ ತಂದಿತ್ತು. ವಿಚಿತ್ರ ಏನು ಗೊತ್ತಾ? ಇದೇ ಜೀನ್ ಮಂದವಾಗಿರುವವರಿಗೆ ಟೈಪ್ 1 ಡಯಾಬಿಟಿಸ್ ಬರುವುದು ಕಡಿಮೆ ಅಂತ 2009ರಲ್ಲೇ ಬ್ರಿಟನ್ನಿನ ವಿಜ್ಞಾನಿಗಳು ಕಂಡಿದ್ದರು. ಇದರದೇ ಚುರುಕಾದ ಒಂದು ರೂಪ ವೈರಸ್ಸನ್ನು ಚೆನ್ನಾಗಿ ತಡೆಯುತ್ತದೆ, ಜೊತೆಗೆ ಡಯಾಬಿಟಿಸ್, ಲೂಪಸ್, ತೊನ್ನು ಇವುಗಳ ಸಂಭವವನ್ನು ಸ್ವಲ್ಪ ಏರಿಸುತ್ತದೆ.

ಟಿವೈಕೆ2 ಅನ್ನುವ ಮೂರನೆಯದೂ ಹೀಗೇ. ಅದರ ಮಂದ ರೂಪ ಇರುವವರಿಗೆ ಸಂಧಿವಾತ, ಲೂಪಸ್, ಸೋರಿಯಾಸಿಸ್‌ನಿಂದ ಒಂದಿಷ್ಟು ರಕ್ಷಣೆ. ಆದರೆ ಬ್ರಿಟನ್ನಿನ 208 ಐಸಿಯುಗಳಲ್ಲಿದ್ದ 2,244 ಕೋವಿಡ್ ರೋಗಿಗಳ ಜೀನ್ ಪರೀಕ್ಷಿಸಿದಾಗ, ಕೋವಿಡ್ ವಿಷಮಿಸುವುದಕ್ಕೂ ಈ ಜೀನ್‌ಗೂ ನಂಟು ಕಂಡಿತು. ಆ ಜೀನ್ ಮಾಡುವ ಕೆಲಸವನ್ನು ತಗ್ಗಿಸುವ ಮಾತ್ರೆಯೊಂದನ್ನು ತಯಾರಿಸಿದ್ದಾರೆ. 2022ರಲ್ಲಿ ಅಮೆರಿಕದಲ್ಲಿ ಸೋರಿಯಾಸಿಸ್‌ಗೆ ಒಪ್ಪಿಗೆ ಸಿಕ್ಕಿತು. ಅದರ ಸಾಮಾನ್ಯ ಅಡ್ಡಪರಿಣಾಮ ಏನು ಅಂತೀರಿ? ಮೂಗು-ಗಂಟಲಿನ ಸೋಂಕು! ನಾಯಿಯ ಬಾಯಿ ಕಟ್ಟಿದರೆ ಇನ್ನೇನಾಗುತ್ತೆ?

ಹೆಂಗಸರಿಗೇ ಯಾಕೆ?

ಲೂಪಸ್ ಬಂದ 10 ಮಂದಿಯಲ್ಲಿ 9 ಮಂದಿ ಹೆಂಗಸರು. ಅದೂ ಹೆಚ್ಚಾಗಿ 15ರಿಂದ 45ರ ಒಳಗೆ, ಅಂದರೆ ಮದುವೆ, ಬಸಿರು, ಬಾಣಂತನ, ಮಕ್ಕಳ ಓದು ಎಲ್ಲ ಇರುವ ಕಾಲದಲ್ಲಿ. ‘ತಣ್ಣೀರಲ್ಲಿ ಪಾತ್ರೆ ತೊಳೆದದ್ದಕ್ಕೆ’, ‘ಬಾಣಂತನದಲ್ಲಿ ಪಥ್ಯ ಮಾಡದ್ದಕ್ಕೆ’ ಅಂತೆಲ್ಲ ಅಕ್ಕನಿಗೂ ಹೇಳಿದರು. ನಿಜವಾದ ಕಾರಣಗಳಲ್ಲಿ ಒಂದು ಕೂತಿರುವುದು ಎಕ್ಸ್ ಕ್ರೋಮೊಸೋಮ್‌ನಲ್ಲಿ.

ಗಂಡಸರಿಗೆ ಒಂದು ಎಕ್ಸ್, ನಮಗೆ ಎರಡು. ಎರಡೂ ಕೆಲಸ ಮಾಡಿದರೆ ಅತಿಯಾಗುತ್ತೆ ಅಂತ ಪ್ರತಿ ಜೀವಕೋಶವೂ ಒಂದರ ಸ್ವಿಚ್ ಆರಿಸುತ್ತದೆ. 1961ರಲ್ಲಿ ಮೇರಿ ಲಯನ್ ಅನ್ನುವ ವಿಜ್ಞಾನಿ ಮಂಡಿಸಿದ ವಿಚಾರ ಇದು. ಆದರೆ ಕೆಲವು ಜೀನ್‌ಗಳು ಸ್ವಿಚ್ ಆರಿಸಿದರೂ ಉರಿಯುತ್ತಲೇ ಇರುತ್ತವೆ. ಟಿಎಲ್‌ಆರ್7 ಇರುವುದು ಎಕ್ಸ್‌ನಲ್ಲಿ, ಮತ್ತು ಅದು ಹೆಂಗಸರ ರಕ್ತದ ಕೆಲವು ರೋಗನಿರೋಧಕ ಕೋಶಗಳಲ್ಲಿ ಎರಡೂ ಕಡೆಯಿಂದ ಉರಿಯುತ್ತದೆ ಅಂತ 2018ರಲ್ಲಿ ಫ್ರಾನ್ಸಿನ ತಂಡ ತೋರಿಸಿತು. ಗಂಡಸರಿಗೆ ಒಂದು ನಾಯಿ, ನಮ್ಮಲ್ಲಿ ಕೆಲವು ಕೋಣೆಗಳಿಗೆ ಎರಡು ನಾಯಿ!

ಹುಟ್ಟಿನಿಂದಲೇ ಎರಡು ಎಕ್ಸ್, ಒಂದು ವೈ ಇರುವ ಗಂಡಸರೂ ಇದ್ದಾರೆ. ಅವರಿಗೆ ಲೂಪಸ್ ಬರುವ ಸಂಭವ ಉಳಿದ ಗಂಡಸರಿಗಿಂತ ಸುಮಾರು 14 ಪಟ್ಟು ಹೆಚ್ಚು, ಹೆಚ್ಚುಕಡಿಮೆ ಹೆಂಗಸರಷ್ಟೇ. ಅವರೇನು ತಣ್ಣೀರಲ್ಲಿ ಪಾತ್ರೆ ತೊಳೆದಿದ್ದರೇ?

ಇದರ ಇನ್ನೊಂದು ಮುಖವನ್ನೂ ನೋಡಬೇಕು. ಕೋವಿಡ್ ಕಾಲದಲ್ಲಿ ಲೋಕದಾದ್ಯಂತ ಗಂಡಸರೇ ಹೆಚ್ಚು ವಿಷಮಿಸಿ ಸತ್ತರು. ಜೀವಾಪಾಯದ ಕೋವಿಡ್ ಬಂದ 60ಕ್ಕಿಂತ ಚಿಕ್ಕ ವಯಸ್ಸಿನ ಗಂಡಸರಲ್ಲಿ ಸುಮಾರು ನೂರಕ್ಕೆ ಒಬ್ಬರಲ್ಲಿ ಟಿಎಲ್‌ಆರ್7 ಕೆಟ್ಟಿತ್ತು. ಫ್ಲೂ ಲಸಿಕೆ ಹಾಕಿದರೆ ಹೆಂಗಸರ ಮೈಯಲ್ಲಿ ಪ್ರತಿಕಾಯಗಳು ಹೆಚ್ಚು ತಯಾರಾಗುತ್ತವೆ. ಮನೆಯವರೆಲ್ಲ ಮಲಗಿದಾಗ ನಾವು ಜ್ವರದಲ್ಲೂ ಎದ್ದು ಅನ್ನ ಮಾಡ್ತೀವಲ್ಲ, ಅದಕ್ಕೆ ಇದೇ ಕಾರಣ ಅಂತ ನಾನು ಹೇಳಲಾರೆ. ಅದಕ್ಕೆ ಕಾರಣ ಬೇರೆ, ನಿಮಗೂ ಗೊತ್ತು!

ಹಾಗಾದರೆ ಫ್ಲೂ ತಂದದ್ದೇ?

ಅಕ್ಕನಿಗೂ ಇದೇ ಪ್ರಶ್ನೆ. ‘ಅವತ್ತು ನಿನ್ನ ಮಗನ್ನ ಕರ್ಕೊಂಡು ಮಲಗಿಸಿಕೊಳ್ಳದೇ ಇದ್ದಿದ್ರೆ ಬರ್ತಾ ಇರಲಿಲ್ವೇನೋ’ ಅಂತ ಒಮ್ಮೆ ಅಂದುಬಿಟ್ಟರು. ನನಗೆ ಕರುಳು ಹಿಂಡಿದಂತಾಯ್ತು. ಫ್ಲೂ ಮೊದಲು ಬಂದದ್ದು ನನ್ನ ಮಗನಿಗೇ.

ಉತ್ತರ ಅಷ್ಟು ಸುಲಭವಿಲ್ಲ. ಉಸಿರಾಟದ ವೈರಸ್ ಸೋಂಕಾದ ಮೇಲೆ ಆಟೊಇಮ್ಯೂನ್ ಕಾಯಿಲೆ ಹೆಚ್ಚಾಗುವುದು ನಿಜ. ಜರ್ಮನಿಯಲ್ಲಿ 2020ರಲ್ಲಿ ಕೋವಿಡ್ ಬಂದ 6 ಲಕ್ಷ 40 ಸಾವಿರಕ್ಕೂ ಹೆಚ್ಚು ಜನರ ವಿಮಾ ದಾಖಲೆ ತೆಗೆದು ನೋಡಿದರು. ಸೋಂಕು ಆಗದವರಲ್ಲಿ ವರ್ಷಕ್ಕೆ ಸಾವಿರಕ್ಕೆ 10-11 ಮಂದಿಗೆ ಹೊಸದಾಗಿ ಇಂಥ ಕಾಯಿಲೆ ಬಂದರೆ, ಸೋಂಕಾದವರಲ್ಲಿ ಸುಮಾರು 15 ಮಂದಿಗೆ. ಹೆಚ್ಚಳ ನಿಜ, ಆದರೆ ಉಳಿದ 985 ಮಂದಿಗೆ ಏನೂ ಆಗಲಿಲ್ಲ ಅನ್ನುವುದೂ ಅಷ್ಟೇ ನಿಜ.

ಚೀನಾದ ಒಂದು ಉದಾಹರಣೆ ನೋಡಿ. ನಾರ್ಕೊಲೆಪ್ಸಿ ಅಂತ ಒಂದು ಕಾಯಿಲೆ. ಹಗಲಲ್ಲೇ ತಡೆಯಲಾಗದ ನಿದ್ದೆ ಹತ್ತುತ್ತದೆ, ನಕ್ಕರೆ ಮೈ ಸೋತು ಕುಸಿಯುವುದೂ ಉಂಟು. ಮಿದುಳಿನಲ್ಲಿ ಎಚ್ಚರ ಕಾಯುವ ಕೋಶಗಳು ನಾಶವಾಗುವುದೇ ಕಾರಣ, ಅದು ಆಟೊಇಮ್ಯೂನ್ ಹೊಡೆತ ಅನ್ನುವುದಕ್ಕೆ ಬಲವಾದ ಪುರಾವೆಗಳಿವೆ. 2009-10ರ ಚಳಿಗಾಲದಲ್ಲಿ ಎಚ್1ಎನ್1 ಹಬ್ಬಿತಲ್ಲ, ಅದಾದ ಮೇಲೆ ಬೀಜಿಂಗ್‌ನಲ್ಲಿ ಈ ಕಾಯಿಲೆ ಹೊಸದಾಗಿ ಬಂದ ಮಕ್ಕಳ ಸಂಖ್ಯೆ ಸುಮಾರು ಮೂರು ಪಟ್ಟಾಯಿತು. ಈ ರೋಗಿಗಳಲ್ಲಿ ಹೆಚ್ಚುಕಡಿಮೆ ಎಲ್ಲರಲ್ಲೂ ಎಚ್‌ಎಲ್‌ಎ ಅನ್ನುವ ಜೀನ್ ಗುಂಪಿನ ಒಂದೇ ರೂಪ ಇರುತ್ತದೆ. ಆದರೆ ಆ ರೂಪ ಇರುವ ಕೋಟ್ಯಂತರ ಜನಕ್ಕೆ ಫ್ಲೂ ಬಂದು ಹೋಗಿದೆ, ನಾರ್ಕೊಲೆಪ್ಸಿ ಬಂದಿಲ್ಲ. ಜೀನ್ ಒಂದರಿಂದ ಆಗುವುದಿಲ್ಲ, ವೈರಸ್ ಒಂದರಿಂದಲೂ ಆಗುವುದಿಲ್ಲ. ಅವಳಿ ಮಕ್ಕಳನ್ನೇ ನೋಡಿ. ತದ್ರೂಪಿ ಅವಳಿಗಳಿಗೆ ಜೀನ್ ಎಲ್ಲ ಒಂದೇ. ಬ್ರಿಟನ್ನಿನ ಅಧ್ಯಯನದಲ್ಲಿ ಅಂಥ ಅವಳಿಯಲ್ಲಿ ಒಬ್ಬರಿಗೆ ರುಮಟಾಯ್ಡ್ ಸಂಧಿವಾತ ಇದ್ದರೆ ಇನ್ನೊಬ್ಬರಿಗೂ ಇದ್ದದ್ದು ನೂರಕ್ಕೆ 15ರಷ್ಟು ಮಾತ್ರ.

ಅಕ್ಕನಿಗೆ ಸಮಾಧಾನ ಕೊಟ್ಟದ್ದು ಇನ್ನೊಂದು ಸಂಗತಿ. ಅಮೆರಿಕದ ಸೇನೆಯಲ್ಲಿ ಯೋಧರ ರಕ್ತದ ಮಾದರಿಯನ್ನು ವರ್ಷಗಟ್ಟಲೆ ಜೋಪಾನ ಮಾಡುತ್ತಾರೆ. ಮುಂದೆ ಲೂಪಸ್ ಬಂದ 130 ಮಂದಿಯ ಹಳೆಯ ರಕ್ತ ತೆಗೆದು ನೋಡಿದರೆ, 115 ಮಂದಿಯಲ್ಲಿ ತಪ್ಪು ಪ್ರತಿಕಾಯಗಳು ಕಾಯಿಲೆ ಪತ್ತೆಯಾಗುವ ಮೊದಲೇ ಇದ್ದವು. ಕೆಲವರಲ್ಲಿ 9 ವರ್ಷ ಮೊದಲೇ! 2003ರಲ್ಲಿ ಪ್ರಕಟವಾದದ್ದು ಇದು. ‘ಬೆಂಕಿ ಬೂದಿ ಒಳಗೆ ಇದ್ದಿರಬಹುದು, ಫ್ಲೂ ಗಾಳಿ ಹಾಕಿರಬಹುದು. ಅದಲ್ಲದಿದ್ದರೆ ಇನ್ನೊಂದು ಗಾಳಿ’ ಅಂದರು ಡಾಕ್ಟರು. ನನ್ನ ಮಗನ ಮೇಲಿನ ಕೇಸು ಅಲ್ಲಿಗೆ ಖುಲಾಸೆ.

ಯಾವಾಗ ಓಡಬೇಕು?

ಇಷ್ಟು ಓದಿ ನೆಗಡಿ ಬಂದಾಗಲೆಲ್ಲ ಹೆದರಬೇಡಿ. ವೈರಲ್ ಜ್ವರದ ಮೈಕೈ ನೋವು ಎರಡು-ಮೂರು ವಾರದಲ್ಲಿ ಹೋಗುತ್ತದೆ. ಚಿಕೂನ್‌ಗುನ್ಯಾ ಮಾತ್ರ ತಿಂಗಳುಗಟ್ಟಲೆ ಕಾಡಬಹುದು, 2006ರಲ್ಲಿ ನಮ್ಮ ರಾಜ್ಯದಲ್ಲಿ ಲಕ್ಷಗಟ್ಟಲೆ ಜನ ಅದನ್ನು ಅನುಭವಿಸಿದ್ದಾರೆ. ಅದೇ ನೆನಪಿನಲ್ಲಿ ಎಷ್ಟೋ ಮನೆಗಳಲ್ಲಿ ಯಾವ ಗಂಟುನೋವು ಬಂದರೂ ‘ಚಿಕೂನ್‌ಗುನ್ಯಾ ಇರಬೇಕು, ಹೋಗುತ್ತೆ ಬಿಡು’ ಅಂತ ಕೂರ್ತಾರೆ.

ಬಿಡಬೇಡಿ. ಎರಡೂ ಕೈಗಳ ಸಣ್ಣ ಕೀಲುಗಳಲ್ಲಿ ನೋವು-ಊತ, ಬೆಳಿಗ್ಗೆ ಅರ್ಧ ಗಂಟೆಗೂ ಮೀರಿ ಬಿಗಿತ, ಇದು ಆರು ವಾರ ದಾಟಿದರೆ ಡಾಕ್ಟರ ಹತ್ತಿರ ಹೋಗಲೇಬೇಕು. ಹೊತ್ತೇರಿದ ಮೇಲೆ ಬಿಗಿತ ಕಡಿಮೆಯಾಗುತ್ತದೆ ಅನ್ನುವುದು ನಾಟಕದ ಲಕ್ಷಣವಲ್ಲ, ಕಾಯಿಲೆಯ ಲಕ್ಷಣ. ಬಂಗು ಕಂದು ಬಣ್ಣ, ಉರಿಯುವುದಿಲ್ಲ. ಲೂಪಸ್ ಗುಲ್ಲೆ ಕೆಂಪು, ಬಿಸಿಲಿಗೆ ಹೋದರೆ ಹೆಚ್ಚುತ್ತದೆ, ಎರಡು ಕೆನ್ನೆಗೂ ಮೂಗಿನ ಮೇಲಿಂದ ಸೇತುವೆ ಕಟ್ಟಿದಂತೆ ಇರುತ್ತದೆ, ಮೂಗಿನ ಪಕ್ಕದ ಮಡಿಕೆಯನ್ನು ಮಾತ್ರ ಸಾಮಾನ್ಯವಾಗಿ ಬಿಟ್ಟಿರುತ್ತದೆ. ಬಾಯಲ್ಲಿ ನೋವಿಲ್ಲದ ಹುಣ್ಣು, ಹಿಡಿಹಿಡಿಯಾಗಿ ಕೂದಲು ಉದುರುವುದು, ಫ್ರಿಜ್ ಒಳಗೆ ಕೈಹಾಕಿದರೆ ಬೆರಳ ತುದಿ ಬೆಳ್ಳಗೆ ನೀಲಿಗಟ್ಟುವುದು, ಕಾರಣವಿಲ್ಲದ ಸುಸ್ತು ಇವೆಲ್ಲ ಜೊತೆಗಿದ್ದರೆ ಇನ್ನೂ ಬೇಗ. ಮೂತ್ರದಲ್ಲಿ ನೊರೆ, ಪಾದ-ಮುಖದಲ್ಲಿ ಊತ ಕಂಡರೆ ಅದೇ ವಾರ. ಮೂತ್ರ ಪರೀಕ್ಷೆಗೆ ಒಂದು ಸೀರೆಯ ಫಾಲ್ ಹಾಕಿಸಿದಷ್ಟೂ ಖರ್ಚಾಗುವುದಿಲ್ಲ. ನಾವು ಜನವರಿಯಲ್ಲೇ ಮಾಡಿಸಬಹುದಿತ್ತು.

ಗುಲ್ಲೆ ಎದ್ದ ದಿನವೇ ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಡಾಕ್ಟರ ಅಪಾಯಿಂಟ್‌ಮೆಂಟ್ ಸಿಗುವ ದಿನ ಅದು ಮಾಯವಾಗಿರುತ್ತದೆ, ಮೊದಲ ಸಲ ನಮಗೆ ಆದದ್ದು ಅದೇ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಬಿಗಿತ ಎಷ್ಟು ಹೊತ್ತು ಇತ್ತು ಅಂತ ಬರೆಯಿರಿ.

ಮೆಡಿಕಲ್ ಶಾಪಿನ ಆ ಬಿಳಿ ಮಾತ್ರೆ ಸ್ಟಿರಾಯ್ಡ್ ಅಂತ ಆಮೇಲೆ ಗೊತ್ತಾಯ್ತು. ಸ್ಟಿರಾಯ್ಡ್ ಕೆಟ್ಟದ್ದಲ್ಲ, ಅಕ್ಕನಿಗೆ ಡಾಕ್ಟರೂ ಅದನ್ನೇ ಕೊಟ್ಟರು. ಆದರೆ ಅಳತೆ, ಅವಧಿ ತಿಳಿಯದೆ ನುಂಗಿದರೆ ಕಾಯಿಲೆಯ ಗುರುತೇ ಮುಚ್ಚಿಹೋಗುತ್ತದೆ. ಬಹುದಿನ ತೆಗೆದುಕೊಂಡು ಥಟ್ಟನೆ ನಿಲ್ಲಿಸಿದರೆ ಪ್ರಾಣಕ್ಕೇ ಸಂಚಕಾರ.

ಇನ್ನು ‘ಇಮ್ಯೂನಿಟಿ ಬೂಸ್ಟರ್’! 2020ರಿಂದ ನಮ್ಮ ಅಡುಗೆಮನೆಗಳಲ್ಲಿ ಕಷಾಯದ ಪಾತ್ರೆ ಒಲೆ ಇಳಿದದ್ದೇ ಇಲ್ಲ. ಶುಂಠಿ, ಮೆಣಸು, ಜೀರಿಗೆ ಹಾಕಿ ಕುಡಿಯಿರಿ, ಅದಕ್ಕೇನೂ ಅಡ್ಡಿಯಿಲ್ಲ. ಆದರೆ ನಾಯಿ ಈಗಾಗಲೇ ಮನೆಯವರನ್ನು ಕಚ್ಚುತ್ತಿರುವಾಗ ಅದಕ್ಕೆ ಇನ್ನಷ್ಟು ಹುರುಪು ತುಂಬುವ ಪುಡಿ-ಮಾತ್ರೆಗಳು ಯಾಕೆ? ನಾವು ಅಕ್ಕನಿಗೆ ದಿನಾ ಅಮೃತಬಳ್ಳಿ ರಸ ಕುಡಿಸುತ್ತಿದ್ದೆವು. 2021ರಲ್ಲಿ ಮುಂಬಯಿಯ ವೈದ್ಯರು ಅಮೃತಬಳ್ಳಿ ಸೇವಿಸಿ ಲಿವರ್ ಕೆಟ್ಟ ಆರು ಮಂದಿಯ ಬಗ್ಗೆ ಬರೆದರು. ಮಾರನೆಯ ವರ್ಷ ದೇಶದ ಹಲವು ಆಸ್ಪತ್ರೆಗಳು ಸೇರಿ ಇಂಥ 43 ಮಂದಿಯನ್ನು ವರದಿ ಮಾಡಿದವು, ಲಿವರ್‌ನಲ್ಲಿ ಕಂಡದ್ದು ಆಟೊಇಮ್ಯೂನ್ ಮಾದರಿಯ ಊತ. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ, ಬಳ್ಳಿ ಸುರಕ್ಷಿತ ಅಂತ ಹೇಳಿಕೆ ಕೊಟ್ಟಿತು. ಆರೋಗ್ಯವಂತರ ವಿಷಯ ಏನೇ ಇರಲಿ, ಥೈರಾಯ್ಡ್, ಸಂಧಿವಾತ, ಲೂಪಸ್ ಇದ್ದವರು ಡಾಕ್ಟರಿಗೆ ತಿಳಿಸದೆ ಕುಡಿಯಬಾರದು ಅನ್ನುವುದು ನನ್ನ ಅಭಿಪ್ರಾಯ. ನಮ್ಮ ಕಾಂಪೌಂಡಿನ ಬಳ್ಳಿ ಈಗ ಬರೀ ನೋಡಲಿಕ್ಕೆ.

ಫ್ಲೂ ಲಸಿಕೆ ಬಗ್ಗೆಯೂ ಹೇಳಿಬಿಡ್ತೀನಿ. ಆಟೊಇಮ್ಯೂನ್ ಕಾಯಿಲೆ ಇದ್ದವರಿಗೆ ಲಸಿಕೆ ಬೇಡ ಅಂತ ಅನೇಕರು ತಿಳಿದಿದ್ದಾರೆ. ವರ್ಷಕ್ಕೊಮ್ಮೆ ಇಂಜೆಕ್ಷನ್ ಮೂಲಕ ಕೊಡುವ ನಿರ್ಜೀವ ಫ್ಲೂ ಲಸಿಕೆ ಇವರಿಗೇ ಹೆಚ್ಚು ಅಗತ್ಯ, ಏಕೆಂದರೆ ಔಷಧಿಗಳು ನಿರೋಧಕ ಶಕ್ತಿಯನ್ನು ತಗ್ಗಿಸಿರುತ್ತವೆ. ಸಜೀವ ಲಸಿಕೆಗಳ ವಿಷಯದಲ್ಲಿ ಮಾತ್ರ ಡಾಕ್ಟರನ್ನು ಕೇಳಿಯೇ ಮುಂದುವರಿಯಬೇಕು. ನಮ್ಮನೆಯಲ್ಲಿ ಈಗ ಅಕ್ಕನ ಜೊತೆ ನಾವೆಲ್ಲರೂ ಹಾಕಿಸಿಕೊಳ್ತೀವಿ, ಮಗನಂತೂ ಮೊದಲು.

ಮಗಳಿಗೂ ಬರುತ್ತದಾ?

ಅಕ್ಕ ಕೇಳಲು ಹಿಂಜರಿದದ್ದು ಇದೊಂದನ್ನೇ. ನಾನೇ ಕೇಳಿದೆ. ತಾಯಿಗಿದ್ದರೆ ಮಕ್ಕಳಿಗೆ ಸಂಭವ ಉಳಿದವರಿಗಿಂತ ಹೆಚ್ಚು, ಆದರೂ ಬಹುಪಾಲು ಮಕ್ಕಳಿಗೆ ಬರುವುದೇ ಇಲ್ಲ ಅಂದರು. ಸ್ಪೇನಿನ ಹುಡುಗಿಯಂತೆ ಒಂದೇ ಜೀನ್‌ನಿಂದ ಬರುವುದು ತೀರಾ ಅಪರೂಪ. ಸಾಮಾನ್ಯವಾಗಿ ಹತ್ತಾರು ಜೀನ್‌ಗಳು ಚಿಟಿಕೆ ಚಿಟಿಕೆಯಾಗಿ ಸೇರುತ್ತವೆ, ತಾಯಿ ಕಡೆಯಿಂದ ಒಂದಿಷ್ಟು, ತಂದೆ ಕಡೆಯಿಂದ ಒಂದಿಷ್ಟು. ‘ಹಾಗಾದರೆ ಎಎನ್‌ಎ ಟೆಸ್ಟ್ ಮಾಡಿಸಿಬಿಡೋಣವಾ?’ ಅಂದರು ಭಾವ. ಬೇಡ ಅಂದರು ಡಾಕ್ಟರು. ಯಾವ ಲಕ್ಷಣವೂ ಇಲ್ಲದ ಆರೋಗ್ಯವಂತರಲ್ಲೂ ಆ ಟೆಸ್ಟ್ ಎಷ್ಟೋ ಸಲ ಪಾಸಿಟಿವ್ ಬರುತ್ತದಂತೆ. ಮನೆಗೇ ಡಬ್ಬಿ ಕಳಿಸಿ ಎಂಜಲು ತೆಗೆದುಕೊಂಡು ಜೀನ್ ಓದಿಕೊಡ್ತೀವಿ ಅನ್ನುವ ಜಾಹೀರಾತುಗಳಿಗೂ ಅದೇ ಉತ್ತರ. ವರದಿ ಬರುತ್ತದೆ, ಅದನ್ನು ಹಿಡಿದುಕೊಂಡು ಮಾಡುವುದಕ್ಕೆ ಏನೂ ಇರುವುದಿಲ್ಲ, ನಿದ್ದೆ ಮಾತ್ರ ಹೋಗುತ್ತದೆ.

ಅಕ್ಕ ಈಗ ಮೊದಲಿನ ಹಾಗೆ ಅಲ್ಲದಿದ್ದರೂ ಚೆನ್ನಾಗಿದ್ದಾರೆ. ಮೂತ್ರದ ಪ್ರೋಟೀನ್ ಇಳಿದಿದೆ. ಸ್ಟಿರಾಯ್ಡ್ ಕನಿಷ್ಠಕ್ಕೆ ಬಂದಿದೆ. ದಿನಾ ತೆಗೆದುಕೊಳ್ಳುವುದು ಹೈಡ್ರಾಕ್ಸಿಕ್ಲೋರೋಕ್ವಿನ್. ಹೆಸರು ಕೇಳಿದಂತಿದೆಯಲ್ವಾ? 2020ರ ಮಾರ್ಚ್-ಏಪ್ರಿಲ್‌ನಲ್ಲಿ ಕೋವಿಡ್‌ಗೆ ರಾಮಬಾಣ ಅಂತ ಜನ ಮುಗಿಬಿದ್ದು ಅಂಗಡಿ ಖಾಲಿ ಮಾಡಿದ ಮಾತ್ರೆ. ಕೋವಿಡ್‌ಗೆ ಅದು ಉಪಯೋಗವಿಲ್ಲ ಅಂತ ಅದೇ ಜೂನ್‌ನಲ್ಲಿ ಬ್ರಿಟನ್ನಿನ ದೊಡ್ಡ ಅಧ್ಯಯನ ಹೇಳಿತು. ಅಷ್ಟರಲ್ಲಿ ಲೂಪಸ್ ಇದ್ದ ಹೆಂಗಸರು ಮಾತ್ರೆ ಸಿಗದೆ ಪರದಾಡಿಯಾಗಿತ್ತು. ಅದು ಮಾಡುವ ಕೆಲಸಗಳಲ್ಲಿ ಒಂದು, ಆ ಟಿಎಲ್‌ಆರ್7 ಬೊಗಳುವುದನ್ನು ತಗ್ಗಿಸುವುದು. ಚೆನ್ನಾಗಿದೆ ಅನ್ನಿಸಿದ ಕೂಡಲೇ ಇದನ್ನು ನಿಲ್ಲಿಸಿಬಿಡುವವರು ಬಹಳ, ಹಾಗೆ ಮಾಡಿದರೆ ಕಾಯಿಲೆ ಮತ್ತೆ ಕೆರಳುತ್ತದೆ. ಬಸಿರಿನಲ್ಲೂ ಸಾಮಾನ್ಯವಾಗಿ ಇದನ್ನು ಮುಂದುವರಿಸಲು ಹೇಳ್ತಾರೆ. ಅಕ್ಕಿಪಕ್ಕದವರ ಮಾತು ಕೇಳಿ ಬಿಡಬೇಡಿ. ಅಪರೂಪಕ್ಕೆ ಕಣ್ಣಿನ ಪರದೆಗೆ ತೊಂದರೆ ಮಾಡುವುದರಿಂದ ಕಣ್ಣಿನ ತಪಾಸಣೆ ಮಾತ್ರ ಮಾಡಿಸುತ್ತಿರಬೇಕು.

ಒಂದು ಹೇಳುವುದು ಮರೆತೆ. ಮೂರನೆಯ ಭೇಟಿಯಲ್ಲಿ ಡಾಕ್ಟರು ಭಾವನ ಕಡೆಯ ವಿವರವನ್ನೂ ಕೇಳಿದರು, ಮಗಳ ದೃಷ್ಟಿಯಿಂದ. ಅತ್ತೆ ಇಪ್ಪತ್ತು ವರ್ಷದಿಂದ ಖಾಲಿ ಹೊಟ್ಟೆಗೆ ಥೈರಾಯ್ಡ್ ಮಾತ್ರೆ ನುಂಗುತ್ತಿದ್ದಾರೆ. ‘ಈ ವಯಸ್ಸಿನ ಹೆಂಗಸರಲ್ಲಿ ಥೈರಾಯ್ಡ್ ಕಡಿಮೆಯಾಗುವುದು ಹೆಚ್ಚಾಗಿ ಆಟೊಇಮ್ಯೂನ್‌ನಿಂದಲೇ ಅಮ್ಮಾ’ ಅಂದರು. ಅತ್ತೆ ನನ್ನ ಮುಖ ನೋಡಿದರು, ನಾನು ಗೋಡೆಯ ಮೇಲಿದ್ದ ಕ್ಯಾಲೆಂಡರ್ ನೋಡಿದೆ. ಆಟೊದಲ್ಲಿ ವಾಪಸ್ ಬರುವಾಗ ಅಕ್ಕನ ಕೈಯಲ್ಲಿದ್ದ ಫೈಲನ್ನು ತಾವೇ ತೆಗೆದು ತೊಡೆ ಮೇಲೆ ಇಟ್ಟುಕೊಂಡರು. ಏನೂ ಮಾತಾಡಲಿಲ್ಲ. ಈಗ ಬೆಳಿಗ್ಗೆ ಅಕ್ಕನ ಬೆರಳು ಸಡಿಲವಾಗುವ ತನಕ ಕುಕ್ಕರ್ ಮುಚ್ಚಳ ಹಾಕಿ ತೆಗೆಯುವುದು ಅವರ ಕೆಲಸ. ಬರುವ ಬುಧವಾರ ಅಕ್ಕನಿಗೆ ಕಣ್ಣಿನ ತಪಾಸಣೆ ಇದೆ. ಜೊತೆಗೆ ನೀನು ಹೋಗೋದು ಬೇಡ, ನಾನೇ ಹೋಗ್ತೀನಿ ಅಂದಿದ್ದಾರೆ.